ತಾಯಿಯ ಹೆಸರಿನ ದೇಣಿಗೆ: ಪ್ರಯೋಗಾಲಯಕ್ಕೋ, ಶಾಲೆಗೋ?

ಪ್ರಶ್ನೆ: ನನ್ನ ತಾಯಿ ಅಕ್ಷಿಪಟಲದ (ಕಣ್ಣಿನ ಹಿಂಭಾಗದ ರೆಟಿನಾ ಪದರದ) ಕಾಯಿಲೆಯಿಂದಾಗಿ ಕೊನೆಯ ವರ್ಷಗಳನ್ನು ನಮ್ಮ ಮುಖ ಕಾಣದೆಯೇ ಕಳೆದರು. ಅವರ ಹೆಸರಿನಲ್ಲಿ ಒಂದಿಷ್ಟು ಹಣ ತೆಗೆದಿರಿಸಿದ್ದೇನೆ. ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಕಾಂಡಕೋಶಗಳ (ಸ್ಟೆಮ್ ಸೆಲ್) ಸಂಶೋಧನೆಗೆ ಕೊಡಬೇಕೆಂಬುದು ನನ್ನ ಆಸೆ. ಮಕ್ಕಳ ವಿಜ್ಞಾನ ಶಿಕ್ಷಣಕ್ಕೆ ಕೊಡೋಣ ಎನ್ನುತ್ತಾನೆ ತಮ್ಮ. ಈ ಕೆಲಸದಲ್ಲಿ ಇರುವವರು ದಾರಿ ತೋರಿಸುತ್ತೀರಾ?

ಉತ್ತರ (ಕಾಂಡಕೋಶ ಜೀವವಿಜ್ಞಾನಿ): ನಿಮ್ಮ ತಾಯಿಯ ಕಾಯಿಲೆಯಿಂದಲೇ ಆರಂಭಿಸುತ್ತೇನೆ. 2006ರಲ್ಲಿ ಜಪಾನಿನ ಶಿನ್ಯಾ ಯಮನಾಕ ಅವರ ತಂಡ ಕೇವಲ 4 ಜೀನ್‌ಗಳನ್ನು ಸೇರಿಸಿ ಇಲಿಯ ಸಾಮಾನ್ಯ ಕೋಶವನ್ನು ಕಾಂಡಕೋಶದ ಸ್ಥಿತಿಗೆ ಮರಳಿಸಿತು. ಮರುವರ್ಷ ಮನುಷ್ಯನ ಕೋಶದಲ್ಲೂ ಅದು ಸಾಧ್ಯವಾಯಿತು. 2014ರಲ್ಲಿ ಜಪಾನಿನದೇ ಕಣ್ಣಿನ ವೈದ್ಯೆ ಮಸಾಯೊ ತಕಹಾಶಿ ಅವರ ನೇತೃತ್ವದಲ್ಲಿ, ಹೀಗೆ ಬೆಳೆಸಿದ ಅಕ್ಷಿಪಟಲ ಕೋಶಗಳ ಪುಟ್ಟ ಹಾಳೆಯೊಂದನ್ನು ರೋಗಿಯ ಕಣ್ಣಿಗೆ ಕಸಿ ಮಾಡಲಾಯಿತು. ಅದರ ಅಳತೆ 1.3 ಮಿಲಿಮೀಟರ್ ಅಗಲ, 3 ಮಿಲಿಮೀಟರ್ ಉದ್ದ, ಅಷ್ಟೆ. ವರ್ಷದ ನಂತರ ನೋಡಿದಾಗ ಆ ರೋಗಿಯ ದೃಷ್ಟಿ ಸುಧಾರಿಸಿರಲಿಲ್ಲ, ಕೆಟ್ಟೂ ಇರಲಿಲ್ಲ. ಎರಡನೆಯ ರೋಗಿಯ ಕೋಶಗಳಲ್ಲಿ ಜೀನ್ ಬದಲಾವಣೆ ಕಂಡುಬಂದದ್ದರಿಂದ ಕಸಿಯನ್ನು ನಿಲ್ಲಿಸಿದರು. ಹಾಗೆ ನಿಲ್ಲಿಸುವ ಎಚ್ಚರಕ್ಕೂ ಹಣ ಬೇಕು. ಕೊಡುವವರಿಗೆ ಇದನ್ನು ಮನದಟ್ಟು ಮಾಡಿಸುವುದು ಕಷ್ಟ.

ಇನ್ನು ನಿಮ್ಮ ತಮ್ಮನ ಮಾತು. ನಾನು ಅವನ ಪಕ್ಷ. ಈ ಕೋಶಗಳಿಗೆ ಭಾನುವಾರವೆಂಬುದಿಲ್ಲ. ಪೋಷಕ ದ್ರಾವಣವನ್ನು ಹೆಚ್ಚುಕಡಿಮೆ ಪ್ರತಿದಿನವೂ ಬದಲಿಸಬೇಕು. ವಾರಗಟ್ಟಲೆ ಸಾಕಿದ ಮೇಲೆ ಬಟ್ಟಲಿನಲ್ಲಿ ಅಕ್ಷಿಪಟಲ ಕೋಶಗಳು ಬರಿಗಣ್ಣಿಗೇ ಕಾಣುವ ಕಂದು ಚುಕ್ಕೆಗಳಾಗಿ ಮೂಡುತ್ತವೆ. ಸೂಕ್ಷ್ಮದರ್ಶಕದಡಿ ನೋಡಿದರೆ ಜೇನುಹಟ್ಟಿನ ಕಣ್ಣುಗಳಂತೆ ಒತ್ತೊತ್ತಾದ ಆರು ಮೂಲೆಯ ಕೋಶಗಳು. ಇದನ್ನು ಮಾಡುವ ಕೈಗಳು ಯಂತ್ರದ ಜೊತೆ ಪೆಟ್ಟಿಗೆಯಲ್ಲಿ ಬರುವುದಿಲ್ಲ. ಯಂತ್ರ ಕೊಳ್ಳಲು ಅನುದಾನ ಸಿಕ್ಕೀತು, ಆ ಕೈಗಳನ್ನು ಪಳಗಿಸಲು ಸಿಗುವುದು ಅಪರೂಪ. ಆದ್ದರಿಂದ ಎರಡರಲ್ಲಿ ಒಂದನ್ನು ಆರಿಸಬೇಡಿ. ಪ್ರಯೋಗಾಲಯದೊಳಗೆ ಕಲಿಯುವ ಒಬ್ಬ ವಿದ್ಯಾರ್ಥಿಗೆ ಕೊಡಿ.

ಪ್ರಶ್ನೆ: ನಾನು ಪ್ರೌಢಶಾಲಾ ಶಿಕ್ಷಕಿ. ಇಷ್ಟು ಸೂಕ್ಷ್ಮವಾದ ಕೆಲಸಕ್ಕೆ ಮಕ್ಕಳನ್ನು ಬಿಡುತ್ತಾರೆಯೇ?

ಉತ್ತರ: ಬಿಡುತ್ತಾರೆ. ಕ್ಯಾಲಿಫೋರ್ನಿಯಾದ ಮತದಾರರು 2004ರಲ್ಲಿ ಈ ಸಂಶೋಧನೆಗೆಂದೇ 300 ಕೋಟಿ ಡಾಲರ್ ಮೊತ್ತದ ಬಾಂಡ್‌ಗಳಿಗೆ ಒಪ್ಪಿಗೆ ಕೊಟ್ಟರು. 2020ರಲ್ಲಿ ಮತ್ತೆ 550 ಕೋಟಿ. ಆ ಹಣದಿಂದ ನಡೆಯುವ ಸಂಸ್ಥೆ ರೋಗಿಗಳ ಮೇಲಿನ ಪ್ರಯೋಗಗಳ ಜೊತೆಗೆ ಕಾಲೇಜು ವಿದ್ಯಾರ್ಥಿಗಳ ತರಬೇತಿಗೂ ಪ್ರೌಢಶಾಲಾ ಮಕ್ಕಳ ಬೇಸಿಗೆ ಕಲಿಕೆಗೂ ನೆರವು ನೀಡುತ್ತದೆ. ರೋಗಿಗೆ ಹೋಗುವ ಕೋಶಗಳನ್ನು ಮಕ್ಕಳು ಮುಟ್ಟುವುದಿಲ್ಲ, ಕಲಿಕೆಯ ಬಟ್ಟಲುಗಳೇ ಬೇರೆ ಇರುತ್ತವೆ.

ಶಿಕ್ಷಕಿಯಾದ ನಿಮಗೆ ಇನ್ನೊಂದು ಸಂಗತಿ. ಯಮನಾಕ ಅವರೊಂದಿಗೆ 2012ರ ನೊಬೆಲ್ ಹಂಚಿಕೊಂಡ ಬ್ರಿಟನ್ನಿನ ಜೀವವಿಜ್ಞಾನಿ ಜಾನ್ ಗರ್ಡನ್ ಶಾಲೆಯಲ್ಲಿ ಜೀವಶಾಸ್ತ್ರದಲ್ಲಿ 250 ಹುಡುಗರ ಪೈಕಿ ಕೊನೆಯವರು. ವಿಜ್ಞಾನಿಯಾಗುವ ಅವರ ಆಸೆ ಹಾಸ್ಯಾಸ್ಪದವೆಂದು 1949ರಲ್ಲಿ ಶಿಕ್ಷಕರು ಪ್ರಗತಿಪತ್ರದಲ್ಲಿ ಬರೆದಿದ್ದರು. ಕಪ್ಪೆಯ ಕೋಶಗಳ ಮೇಲಿನ ಅವರ ಪ್ರಸಿದ್ಧ ಪ್ರಯೋಗ ಪ್ರಕಟವಾದದ್ದು 1962ರಲ್ಲಿ. ಅಂಕ ನೋಡಿ ಮಕ್ಕಳನ್ನು ಆರಿಸುವ ಯೋಜನೆಗಳನ್ನು ಕಂಡಾಗಲೆಲ್ಲ ಆ ಪ್ರಗತಿಪತ್ರ ನೆನಪಾಗಿ ಸಂಕಟವಾಗುತ್ತದೆ.

ಪ್ರಶ್ನೆ: ಒಂದು ಚಿಕಿತ್ಸಾಲಯ ಹಣ ಕಟ್ಟಿಸಿಕೊಂಡು ಕಾಂಡಕೋಶ ಪ್ರಯೋಗಕ್ಕೆ ಸೇರಿಸಿಕೊಳ್ಳುತ್ತೇನೆ ಎನ್ನುತ್ತಿದೆ. ಇದೂ ಸಂಶೋಧನೆಗೆ ನೆರವಾದಂತೆಯೇ?

ಉತ್ತರ: ಅಲ್ಲ. ಸರಿಯಾದ ಪ್ರಯೋಗದಲ್ಲಿ ಸಾಮಾನ್ಯವಾಗಿ ರೋಗಿಯಿಂದ ಚಿಕಿತ್ಸೆಯ ಹಣ ಪಡೆಯುವುದಿಲ್ಲ. ರೋಗಿಗಳ ಹಿತ ಕಾಯಲು ಪ್ರಯೋಗವನ್ನು ಪರಿಶೀಲಿಸುವ ನೈತಿಕ ಸಮಿತಿಯ ಒಪ್ಪಿಗೆ ಪತ್ರ ಕೇಳಿ. ಒಂದೇ ಚುಚ್ಚುಮದ್ದಿನಿಂದ ಮಂಡಿನೋವು, ಮಧುಮೇಹ, ಕುರುಡು ಎಲ್ಲವೂ ವಾಸಿಯಾಗುತ್ತದೆ ಎಂದರೆ ದಯವಿಟ್ಟು ಎದ್ದು ಬನ್ನಿ. ಅಂಥ ಚುಚ್ಚುಮದ್ದಿನಿಂದ ಇದ್ದ ದೃಷ್ಟಿಯನ್ನೂ ಕಳೆದುಕೊಂಡವರಿದ್ದಾರೆ.

ಮೊದಲು ಕೇಳಿದವರು: ತಮ್ಮನಿಗೆ ಇದೆಲ್ಲವನ್ನೂ ಓದಿ ಹೇಳಿದೆ, ಒಪ್ಪಿದ್ದಾನೆ. ದೇಣಿಗೆ ಪತ್ರದಲ್ಲಿ ಏನು ಬರೆಸಲಿ?

ಉತ್ತರ: ಹಣ ಕಟ್ಟಡಕ್ಕೂ ಫಲಕಕ್ಕೂ ಹೋಗಬಾರದು ಎಂದು ಬರೆಸಿ. ವರ್ಷಕ್ಕೊಬ್ಬರಂತೆ ಹಂಚದೆ ಒಬ್ಬರನ್ನೇ ಕನಿಷ್ಠ ಮೂರು ವರ್ಷ ಪೋಷಿಸಲಿ. ಪ್ರಯೋಗ ಸೋತರೂ ಫಲಿತಾಂಶ ಪ್ರಕಟವಾಗಲಿ. ಮತ್ತೆ, ಬಟ್ಟಲಿನಲ್ಲಿ ಮೊದಲ ಕಂದು ಚುಕ್ಕೆ ಮೂಡಿದ ದಿನ ನಿಮ್ಮಿಬ್ಬರನ್ನೂ ಕರೆದು ತೋರಿಸಬೇಕೆಂದು ಆ ವಿದ್ಯಾರ್ಥಿಯನ್ನು ಕೇಳಿಕೊಳ್ಳಿ.