‘ಬಸ್ಟ್’ ಮತ್ತು ‘ಸಲಾನ್’: ಕನ್ನಡದಲ್ಲಿ ಏನೆನ್ನೋಣ?

ಬಲ್ಲವರಿಗೆ ನಮಸ್ಕಾರ.

ಫ್ರೆಂಚ್ ಶಿಲ್ಪಿ ಜೋಸೆಫ್ ಶಿನಾರ್ 1805ರ ಸುಮಾರಿಗೆ ಅಮೃತಶಿಲೆಯಲ್ಲಿ ಕಡೆದ ಜೂಲಿಯೆಟ್ ರೆಕಾಮಿಯೆಯ ಶಿಲ್ಪದ ಬಗ್ಗೆ ಬರೆಯುತ್ತಿದ್ದೇನೆ. ಪ್ಯಾರಿಸ್ಸಿನ ತನ್ನ ಮನೆಯಲ್ಲಿ ಲೇಖಕರು, ಕಲಾವಿದರು ಮಾತುಕತೆಗೆ ಸೇರುವ ಕೂಟ ನಡೆಸಿ ಹೆಸರಾದವಳು ಆಕೆ. ಇಬ್ಬರೂ ಲಿಯೋನ್ ಊರಿನಲ್ಲಿ ಹುಟ್ಟಿದವರು, ಶಿಲ್ಪ ಇರುವುದೂ ಅಲ್ಲಿನ ಲಲಿತಕಲಾ ಸಂಗ್ರಹಾಲಯದಲ್ಲೇ. ಚಿತ್ರದ ಕೆಳಗೆ ಒಂದು ಸಾಲು ಬರೆಯಲು ಕುಳಿತರೆ ಎರಡು ಪದಗಳು ದಾರಿಗಡ್ಡ ನಿಂತಿವೆ.

ಮೊದಲನೆಯದು ‘ಬಸ್ಟ್’, ಅಂದರೆ ತಲೆಯಿಂದ ಎದೆಯವರೆಗಷ್ಟೇ ಕಡೆದ ಶಿಲ್ಪ. ಪತ್ರಿಕೆಗಳಲ್ಲಿ ‘ಪುತ್ಥಳಿ’ ಎಂದು ಬರುತ್ತದೆ. ಆದರೆ ವೃತ್ತದಲ್ಲಿ ನಿಂತ ಆಳೆತ್ತರದ ಕಂಚಿನ ಮೂರ್ತಿಯೂ ಪುತ್ಥಳಿಯೇ. ‘ಎದೆಮಟ್ಟದ ಪ್ರತಿಮೆ’ ಕೇಳಿದೊಡನೆ ಕಣ್ಣಿಗೆ ಕಟ್ಟುತ್ತದೆ, ನನಗೆ ಅದೇ ಇಷ್ಟ. ತೊಡಕೆಂದರೆ ಶಿನಾರ್ ಎದೆಗೇ ನಿಲ್ಲಿಸಿಲ್ಲ. ತಲೆಯನ್ನು ತುಸು ಬಾಗಿಸಿದ ಆಕೆ ಜಾರುವ ಶಾಲನ್ನು ಕೈಗಳಿಂದ ಎದೆಗವಚಿ ಹಿಡಿದಿದ್ದಾಳೆ. ಶಿಲ್ಪದ ಜೀವವೆಲ್ಲ ಆ ಬೆರಳುಗಳಲ್ಲಿದೆ, ಅವನ್ನು ಬಿಟ್ಟು ಹೆಸರಿಡಲು ಮನಸ್ಸು ಒಪ್ಪುತ್ತಿಲ್ಲ. ‘ಅರ್ಧಪ್ರತಿಮೆ’ ಎಂದರೆ ಕೆಲಸ ಅರ್ಧಕ್ಕೆ ನಿಂತಂತೆ ಕೇಳುತ್ತದೆ. ನಿಜವಾಗಿ ಅರ್ಧಕ್ಕೆ ನಿಂತದ್ದು ಜಾಕ್ ಲೂಯಿ ಡಾವಿದ್ 1800ರಲ್ಲಿ ಬರೆಯತೊಡಗಿದ ಆಕೆಯ ವರ್ಣಚಿತ್ರ.

ಇನ್ನು ‘ಸಲಾನ್’, ಅಂದರೆ ರೆಕಾಮಿಯೆ ಮನೆಯಲ್ಲಿ ನಡೆಸುತ್ತಿದ್ದಂಥ ಕೂಟ. ನಮ್ಮಲ್ಲಿ ಸಲೂನ್ ಎಂದರೆ ಕ್ಷೌರದಂಗಡಿ. ಎರಡರ ಬೇರೂ ಒಂದೇ: ಫ್ರೆಂಚರ ಮನೆಯಲ್ಲಿ ಬಂದವರನ್ನು ಕೂರಿಸುವ ಕೋಣೆ. ಹಾಗಾದರೆ ‘ಪಡಸಾಲೆ’ ಸಾಕಲ್ಲವೇ ಎಂದುಕೊಂಡೆ. ಆದರೆ ಆಕೆಯ ಗಂಡನ ಬ್ಯಾಂಕು ದಿವಾಳಿಯಾಯಿತು, 1811ರಲ್ಲಿ ನೆಪೋಲಿಯನ್ ಆಕೆಯನ್ನು ಪ್ಯಾರಿಸ್ಸಿನಿಂದ ಹೊರಗಟ್ಟಿದ. ಮರಳಿ ಬಂದವಳು 1819ರಲ್ಲಿ ಸನ್ಯಾಸಿನಿಯರ ಮಠವೊಂದರ ಪುಟ್ಟ ಕೋಣೆಗಳನ್ನು ಸೇರಿದಳು. ಶಾತೋಬ್ರಿಯಾನ್‌ನಂಥ ಲೇಖಕರು ಮೆಟ್ಟಿಲು ಹತ್ತಿ ಅಲ್ಲಿಗೂ ಬಂದರು. ಪಡಸಾಲೆ ಹೋಯಿತು, ಸಲಾನ್ ಉಳಿಯಿತು.

ಹಾಗಾಗಿ ‘ಗೋಷ್ಠಿ’ಯ ಕಡೆಗೆ ವಾಲಿದ್ದೇನೆ. ಹಸುಗಳು ಸೇರುವ ‘ಗೋಷ್ಠ’ದಿಂದ ಬಂದ ಆ ಮಾತೂ ಜಾಗದ ಹೆಸರಾಗಿ ಹೊರಟು ಕೂಟದ ಹೆಸರಾದದ್ದು. ಈಗ ಅದಕ್ಕೆ ಮೈಕು, ವೇದಿಕೆ, ಅಧ್ಯಕ್ಷರ ಭಾಷಣ ಅಂಟಿಕೊಂಡಿವೆ. ‘ಮನೆಗೋಷ್ಠಿ’ ಎಂದರೆ ಅವು ಕಳಚುತ್ತವೆಯೇ? ಅದನ್ನು ನಡೆಸುವಾಕೆಗೆ ‘ಆತಿಥೇಯೆ’ ಎಂದರೆ ಊಟೋಪಚಾರವಷ್ಟೇ ನೆನಪಾಗುತ್ತದೆ. ಯಾರನ್ನು ಯಾರ ಪಕ್ಕ ಕೂರಿಸಬೇಕು, ಮಾತು ಕಾವೇರಿದಾಗ ಎತ್ತ ತಿರುಗಿಸಬೇಕು ಎಂಬುದನ್ನು ಬಲ್ಲವಳು ‘ಒಡತಿ’.

ಸದ್ಯಕ್ಕೆ ಬರೆದಿಟ್ಟ ಸಾಲು: ‘ಮನೆಗೋಷ್ಠಿಯ ಒಡತಿ ರೆಕಾಮಿಯೆ, ಅಮೃತಶಿಲೆಯ ಎದೆಮಟ್ಟದ ಪ್ರತಿಮೆ’. ಆ ಬೆರಳುಗಳನ್ನೂ ಒಳಗೊಳ್ಳುವ ಮಾತು ಕಲ್ಲು ಕಡೆಯುವವರ ಬಳಕೆಯಲ್ಲಿದ್ದರೆ ದಯವಿಟ್ಟು ತಿಳಿಸಿ.