ಟ್ಯಾಬ್ಲೆಟ್‌ನಿಂದ ದೂರದ ಹ್ಯಾಮ್ ರೇಡಿಯೊ ನಡೆಸುವ ಬಗೆ

ಪ್ರಶ್ನೆ (ಸಿಂಧನೂರು): ತೋಟದ ಮನೆಯಲ್ಲಿರುವ ನನ್ನ ಎಸ್‌ಡಿಆರ್ (ಸಾಫ್ಟ್‌ವೇರ್ ಮೂಲಕ ಕೆಲಸ ಮಾಡುವ) ಹವ್ಯಾಸಿ ರೇಡಿಯೊ ಅಲ್ಲಿನ ವೈಫೈನಲ್ಲಿ ಟ್ಯಾಬ್ಲೆಟ್‌ಗೆ ಸರಿಯಾಗಿ ಸ್ಪಂದಿಸುತ್ತದೆ, ಆದರೆ ರಾಯಚೂರಿನಿಂದ ಮೊಬೈಲ್ ಡೇಟಾದಲ್ಲಿ ಪ್ರಯತ್ನಿಸಿದರೆ ಸಂಪರ್ಕವೇ ಸಿಗುವುದಿಲ್ಲ. ಜೊತೆಗೆ ಟ್ಯಾಬ್ಲೆಟ್ ಪರದೆಯಲ್ಲಿ 7.100 ಮೆಗಾಹರ್ಟ್ಸ್ ತರಂಗಾಂತರದ ಜಾಗವನ್ನು ಮುಟ್ಟಲು ಹೋದರೆ ಬೆರಳು ಪಕ್ಕದ ನಿಲಯದ ಮೇಲೆ ಬೀಳುತ್ತದೆ. ಏನು ಮಾಡಬೇಕೆಂದು ತಿಳಿಸುವಿರಾ?

ಉತ್ತರ (ಬಳ್ಳಾರಿ): ತೋಟದಲ್ಲಿರುವುದು ಸಿಮ್ ರೂಟರ್ ಆಗಿದ್ದರೆ ಅದಕ್ಕೆ ಸಾಮಾನ್ಯವಾಗಿ ಸ್ವಂತ ಸಾರ್ವಜನಿಕ ಐಪಿ ವಿಳಾಸ (ಹೊರಗಿನಿಂದ ನೇರವಾಗಿ ತಲುಪಬಹುದಾದ ಇಂಟರ್ನೆಟ್ ವಿಳಾಸ) ಇರುವುದಿಲ್ಲವಾದ್ದರಿಂದ ರೂಟರ್‌ನಲ್ಲಿ ಪೋರ್ಟ್ (ಒಳಬರುವ ಸಂಪರ್ಕದ ದಾರಿ) ತೆರೆದರೂ ಪ್ರಯೋಜನವಾಗದು. ಬಾಡಿಗೆಯ ಸರ್ವರ್ ಒಂದನ್ನು ನಡುವೆ ಇಟ್ಟು, ಎರಡೂ ಕಡೆಯಿಂದ ಅದಕ್ಕೆ ವೈರ್‌ಗಾರ್ಡ್ (ಇಂಟರ್ನೆಟ್ ಮೂಲಕ ಸುರಕ್ಷಿತ ಖಾಸಗಿ ಜಾಲ ಕಟ್ಟುವ ವಿಪಿಎನ್ ತಂತ್ರಾಂಶ) ಸಂಪರ್ಕ ಕೊಡಿ. ಸಂಪರ್ಕ ಕಡಿಯದಂತೆ ಆಗಾಗ ಸಂಕೇತ ಕಳಿಸುವ ಕೀಪ್‌ಅಲೈವ್ ಅವಧಿ 25 ಸೆಕೆಂಡ್ ಇರಲಿ. ವಾಟರ್‌ಫಾಲ್ (ನಿಲಯಗಳ ಸಂಕೇತಗಳನ್ನು ತೋರಿಸುವ ಪರದೆಯ ಚಿತ್ರ) ಅನ್ನು ಎರಡು ಬೆರಳುಗಳಿಂದ ಹಿಗ್ಗಿಸಿಕೊಂಡು ಮುಟ್ಟಿ.

ಉತ್ತರ (ಕೊಪ್ಪಳ): ಪ್ರಸಾರವನ್ನು ತಾನಾಗಿಯೇ ನಿಲ್ಲಿಸುವ ಟೈಮರ್ ರೇಡಿಯೊದ ಕಡೆಯಲ್ಲೇ ಇರಬೇಕು, ದಯವಿಟ್ಟು ಇದನ್ನು ಮರೆಯಬೇಡಿ. ಮಾತಿನ ನಡುವೆ ನನ್ನ ಡೇಟಾ ಕಡಿದುಹೋದಾಗ ರೇಡಿಯೊ ಪ್ರಸಾರದಲ್ಲೇ ಉಳಿದಿತ್ತು. ಓಡಿಹೋಗಿ ನೋಡಿದರೆ ಹೀಟ್‌ಸಿಂಕ್ (ರೇಡಿಯೊದ ಬಿಸಿಯನ್ನು ಹೊರಹಾಕುವ ಲೋಹದ ಭಾಗ) ಮುಟ್ಟಲಾಗದಷ್ಟು ಕಾದಿತ್ತು.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ಟೈಮರನ್ನು 2 ನಿಮಿಷಕ್ಕೆ ಹೊಂದಿಸಿದ್ದೇನೆ.