ಪದ ಬೇಕು: ಯುಪಿಎಸ್‌ನ ‘ಬ್ಯಾಕಪ್’ ಬೇರೆ, ಫೈಲಿನ ‘ಬ್ಯಾಕಪ್’ ಬೇರೆ

ಪ್ರಶ್ನೆ (ಚಿಕ್ಕಮಗಳೂರು):
ಎಲ್ಲರಿಗೂ ನಮಸ್ಕಾರ. ಇವತ್ತು ರಾತ್ರಿಯೊಳಗೆ ಒಂದು ಪದ ಬೇಕು. ನಮ್ಮ ಮನೆಯಲ್ಲಿ ಸಣ್ಣದೊಂದು ಸರ್ವರ್ (ಸದಾ ಆನ್ ಇರುವ ಕಂಪ್ಯೂಟರ್) ಇಟ್ಟಿದ್ದೇನೆ. ಪ್ರಾಕ್ಸ್‌ಮಾಕ್ಸ್ ಮೇಲೆ ನೆಕ್ಸ್ಟ್‌ಕ್ಲೌಡ್ ಓಡುತ್ತೆ; ಮೊದಲನೆಯದು ಸರ್ವರ್ ನಡೆಸುವ ತಂತ್ರಾಂಶ, ಎರಡನೆಯದು ಫೈಲ್ ಇಡುವ ತಂತ್ರಾಂಶ. ಮನೆಯವರ ಫೋಟೊ, ತೋಟದ ಲೆಕ್ಕ ಎಲ್ಲ ಅದರಲ್ಲೇ. ಎರಡು ಡಿಸ್ಕ್ ಜೋಡಿ ಹಾಕಿದ್ದೇನೆ, ಒಂದರಲ್ಲಿ ಬರೆದದ್ದು ಇನ್ನೊಂದರಲ್ಲೂ ಆಗಲೇ ಬರುತ್ತೆ. ನಾಳೆ ನಾನು ಬೆಂಗಳೂರಿಗೆ ಹೊರಟರೆ ಅಪ್ಪನೇ ನೋಡಿಕೊಳ್ಳಬೇಕು. ಮಳೆಗಾಲ, ಕರೆಂಟು ಹೋಗುವುದು ಇದ್ದದ್ದೇ. ನಮ್ಮ ಯುಪಿಎಸ್‌ಗೆ (ಕರೆಂಟು ಹೋದಾಗ ಸ್ವಲ್ಪ ಹೊತ್ತು ಬ್ಯಾಟರಿಯಿಂದ ಓಡಿಸುವ ಪೆಟ್ಟಿಗೆ) ಯುಎಸ್‌ಬಿ ಇಲ್ಲ, ಹಾಗಾಗಿ ಕರೆಂಟು ಹೋದದ್ದು ಸರ್ವರಿಗೆ ಗೊತ್ತಾಗುವುದಿಲ್ಲ, ಅದು ತಾನಾಗಿ ಆಫ್ ಆಗುವುದಿಲ್ಲ. ಅದಕ್ಕೇ ಪಕ್ಕದಲ್ಲಿ ಒಂದು ಚೀಟಿ ಅಂಟಿಸುತ್ತಿದ್ದೇನೆ.

ತೊಡಕು ಏನೆಂದರೆ, ಊರಲ್ಲಿ ‘ಬ್ಯಾಕಪ್’ ಅಂದರೆ ಬ್ಯಾಟರಿ. ‘ಎಷ್ಟು ಗಂಟೆ ಬ್ಯಾಕಪ್ ಬರುತ್ತೆ?’ ಅಂತಲೇ ಕೇಳುತ್ತಾರೆ. ‘ಬ್ಯಾಕಪ್ ಮುಗಿಯುವ ತನಕ ಆಫ್ ಮಾಡಬೇಡಿ’ ಅಂತ ಬರೆದರೆ ಅಪ್ಪ ಬ್ಯಾಟರಿ ಖಾಲಿಯಾಗುವ ತನಕ ಕೂತಿರುತ್ತಾರೆ. ಫೈಲಿನದಕ್ಕೆ, ಅಂದರೆ ಫೈಲುಗಳನ್ನು ಇನ್ನೊಂದು ಕಡೆಯೂ ಉಳಿಸಿಡುವುದಕ್ಕೆ, ಬೇರೆ ಪದ ಕೊಡಿ.

ಉತ್ತರ (ಹಾಸನ):
‘ಪಡಿ’. ಹುಡುಕುವುದೇ ಬೇಡ. ಪಡಿಯಚ್ಚು ಎಲ್ಲರಿಗೂ ಗೊತ್ತು. ಪಡಿ ತೆಗೆ, ಪಡಿ ಇಡು. ಅಚ್ಚಗನ್ನಡ. ‘ಪ್ರತಿ’ ಸಂಸ್ಕೃತ, ‘ನಕಲು’ ಅರಬ್ಬಿ. ಎರಡನ್ನೂ ಬಿಡಿ.

ಉತ್ತರ (ಬೇಲೂರು):
ಅಚ್ಚಗನ್ನಡ ಅಲ್ಲ ಸರ್. ಅಳತೆಯ ಪಡಿ ನಮ್ಮದು. ಪಡಿಯಚ್ಚಿನ ಪಡಿ ‘ಪ್ರತಿ’ಯ ತದ್ಭವ. ಪ್ರತಿಹಾರ (ಬಾಗಿಲು ಕಾಯುವವ) ಪಡಿಯರ ಆಗಿಲ್ವಾ, ಹಾಗೆ. ಅದೂ ಅಲ್ಲದೆ, ಹಿರಿಯರಿಗೆ ಪಡಿ ಅಂದರೆ ಪಡಿತರವೇ ನೆನಪಾಗುವುದು. ‘ನಕಲು’ ಬರೆಯಿರಿ. ಪಹಣಿ ನಕಲು ತೆಗೆಸದ ರೈತ ಯಾರಿದ್ದಾರೆ?

ಉತ್ತರ (ಹಾಸನ):
ತದ್ಭವ ಆದ ಮೇಲೆ ಅದು ನಮ್ಮದೇ. ನಕಲು ಅಂದರೆ ಖೋಟಾ ಅಂತಲೂ ಆಗುತ್ತೆ, ಅದು ನಿಮಗೆ ಕಾಣಲಿಲ್ಲ. ಹೀಗೆ ಸಿಕ್ಕಿದ್ದನ್ನೆಲ್ಲ ಎರವಲು ತಂದರೆ ಕೊನೆಗೆ ಕನ್ನಡದ್ದು ಅಂತ ಉಳಿಯುವುದು ವಿಭಕ್ತಿ ಪ್ರತ್ಯಯ ಮಾತ್ರ.

ಉತ್ತರ (ಸಕಲೇಶಪುರ):
ಎರವಲು ಇವತ್ತಿನ ಕತೆ ಅಲ್ಲ. ನಮ್ಮ ಜಿಲ್ಲೆಯದೇ ಹಲ್ಮಿಡಿ ಶಾಸನ, ಸುಮಾರು ಕ್ರಿ.ಶ. 450ರದ್ದು. ಶುರುವಾಗುವುದೇ ಸಂಸ್ಕೃತ ಶ್ಲೋಕದಿಂದ. ಒಳಗೂ ಸಂಸ್ಕೃತದ ಪದಗಳು ತುಂಬಿವೆ. ಅದನ್ನು ಕನ್ನಡ ಶಾಸನ ಅಲ್ಲ ಅನ್ನುತ್ತೀರಾ? ಕಾಫಿ ತೋಟದಲ್ಲಿ ಲೈನ್ ಮನೆ (ಆಳುಗಳ ಸಾಲುಮನೆ), ರೈಟರ್ (ಲೆಕ್ಕ ಬರೆಯುವವ), ಪಲ್ಪರ್ (ಹಣ್ಣಿನ ಸಿಪ್ಪೆ ತೆಗೆಯುವ ಯಂತ್ರ) ಅನ್ನುತ್ತೇವೆ. ಕಾಫಿ ಒಣಗಿಸುವ ಜಾಗಕ್ಕೆ ಮಾತ್ರ ‘ಕಣ’. ಕಣ ಮೊದಲಿಂದಲೂ ಇತ್ತು, ಪಲ್ಪರ್ ಇರಲಿಲ್ಲ.

ಕೇಳಿದವರಿಗೆ: ‘ನಕಲು’ ಸಾಕು. ಆದರೆ ನಿಮ್ಮ ಜೋಡಿ ಡಿಸ್ಕಿಗೆ ಆ ಹೆಸರು ಇಡಬೇಡಿ. ಅದರಲ್ಲಿ ಒಂದು ಫೈಲ್ ಅಳಿಸಿದರೆ ಎರಡೂ ಡಿಸ್ಕಿನಲ್ಲಿ ಒಟ್ಟಿಗೇ ಹೋಗುತ್ತೆ. ಡಿಸ್ಕ್ ಕೆಟ್ಟರೆ ಜೋಡಿ ಕಾಯುತ್ತೆ, ಕೈತಪ್ಪಿ ಅಳಿಸಿದರೆ ಕಾಯುವುದಿಲ್ಲ. ಬೇರೆ ಡಿಸ್ಕಿನಲ್ಲಿ ಇರುವುದಕ್ಕೆ ಮಾತ್ರ ನಕಲು ಅನ್ನಿ, ಅಂಥದ್ದು ಒಂದಾದರೂ ಮನೆಯಿಂದ ಆಚೆ ಇರಲಿ. ಇನ್ನೊಂದು ಮಾತು, ಕರೆಂಟು ಹೋದಾಗ ನಕಲಿಗಾಗಿ ಕಾಯುವುದೇ ತಪ್ಪು. ನಕಲನ್ನು ಮತ್ತೆ ತೆಗೆಯಬಹುದು. ಬರೆಯುತ್ತಿರುವಾಗಲೇ ಡಿಸ್ಕಿಗೆ ಕರೆಂಟು ನಿಂತರೆ ಮೂಲಕ್ಕೇ ಪೆಟ್ಟು ಬೀಳಬಹುದು.

ಪ್ರಶ್ನೆ ಕೇಳಿದವರಿಂದ:
ತುಂಬಾ ಉಪಕಾರವಾಯಿತು. ಹೀಗೆ ಬರೆದೆ: ‘ಕರೆಂಟು ಹೋಗಿ ಯುಪಿಎಸ್ ಕೂಗಿದರೆ, ಸರ್ವರ್ ಬಟನ್ ಒಂದು ಸಲ ಒತ್ತಿ ಬಿಡಿ. ಒತ್ತಿ ಹಿಡಿಯಬೇಡಿ. ನಕಲು ನಡೆಯುತ್ತಿದ್ದರೂ ಕಾಯಬೇಡಿ. ದೀಪ ಆರುವ ತನಕ ಪ್ಲಗ್ ಕೀಳಬೇಡಿ.’

ಉತ್ತರ (ಹಾಸನ):
‘ಬಟನ್’ ಯಾಕೆ? ‘ಗುಂಡಿ’ ಇದೆಯಲ್ಲ.